ಪುಣೆ ಸುತ್ತ ಸೈಕಲ್ ತುಳಿಯವ್ರು ಪುಣೆಯಿಂದ ಹೊರಡಬ್ಯಾಡ್ರಿ

ಮಾನ್ಯ ಸಂಪಾದಕರೇ, ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯೊಳಗ ಪುಣೆಯ ಒಂದು ದಿನದ ಸೈಕಲ್ ಪ್ರವಾಸದ ಲೇಖನ ಬಂದಿತ್ತಲ್ರಿ, ಫೋಟೋ ಚೊಲೋ ಇದ್ವು, ಆದ್ರ ದಾರಿ ಹೇಳಿದ್ದು ಮಾತ್ರ ಸರಿ ಅನ್ಸಲಿಲ್ಲ. ಸ್ವಾರಗೇಟಿಂದ ಹೊರಟು ಕಾತ್ರಜ್ ದಾಟಿ, ಹೈವೇ ಹಿಡಿದು ಕಾಪೂರಹೋಳ, ಅಲ್ಲಿಂದ ನಾರಾಯಣಪುರ, ಮತ್ತ ಅದೇ ದಾರಿಲೆ ವಾಪಸ್. ಕಾರಿನವ್ರಿಗೆ ಇದು ಸರಿ. ಸೈಕಲ್ಲಿನವ್ರಿಗೆ ಹಿಂಗ ಹೇಳೂದು ಅಪಾಯ, ಅದಕ್ಕ ಈ ಪತ್ರ.

ಹೈವೇದಾಗ ವಾಪಸ್ ಬರುವಾಗ ಹೊಸ ಕಾತ್ರಜ್ ಸುರಂಗ ದಾಟಿದ ಮ್ಯಾಲೆ ನವಲೆ ಪೂಲ್ ತನಕ ಒಂದೇ ಸಮನ ಇಳಿಜಾರ ಅದ. ಅಲ್ಲಿ ಲಾರಿ ಬ್ರೇಕ್ ಹತ್ತದ ಸಾಲಾಗಿ ಗಾಡಿಗಳಿಗೆ ಹೊಡದದ್ದು ಪುಣೆಯೊಳಗ ಎಲ್ಲಾರಿಗೂ ಗೊತ್ತಿರೋ ಸುದ್ದಿ. ಹಳೇ ಕಾತ್ರಜ್ ಘಾಟಿನ ಬೋಗದಾ ಇದಕ್ಕಿಂತ ಪಾಡು, ಆದ್ರ ಇಕ್ಕಟ್ಟು, ಕತ್ತಲಿ, ಹಿಂದ ಲೈಟ್ ಇಲ್ದ ಹೋಗೂ ಹಂಗಿಲ್ಲ. ಇನ್ನೊಂದು ಕಡೆ ಹಡಪ್ಸರ ದಾಟಿ ದಿವೇ ಘಾಟ್ ಏರಬೇಕು, ಅಲ್ಲಿ ಮಸ್ತಾನಿ ತಲಾವ್ ಕೆಳಗ ಚಂದ ಕಾಣ್ತದ ಖರೆ, ನೋಡಾಕ ಕುತ್ತಿಗಿ ಹೊಳ್ಳಿಸಿದ್ರ ಹಿಂದಿಂದ ಡಂಪರ್ ಹಾರ್ನು. ಕೊಂಢ್ವಾ ಮ್ಯಾಲಿಂದ ಬೋಪದೇವ ಘಾಟ್ ಅದ, ಈ ಮೂರು ಘಾಟಿನಾಗ ನನಗ ಅದೇ ವಾಸಿ, ಅದೂ ಬೆಳಕು ಹರಿಯೋದ್ರೊಳಗ ಘಾಟ್ ಬುಡಕ್ಕ ಮುಟ್ಟಿದ್ರ ಮಾತ್ರ.

ಒಟ್ಟು ಹೇಳೂದೇನಂದ್ರ, ಊರು ಬಿಟ್ಟು ಹೊರಗ ಬೀಳೂದ್ರಾಗೇ ಅರ್ಧ ಕಾಲು ಸೋತಿರ್ತಾವ, ಜೀವಕ್ಕ ಅಂಜಿಕಿ ಬ್ಯಾರೆ. ಹಂಗಿದ್ದಾಗ ಊರೊಳಗಿಂದ ಯಾಕ ಹೊರಡಬೇಕ್ರಿ? ಹಳ್ಳಿಯಾಗ ಎರಡು ರಾತ್ರಿ ಇದ್ದು ಅಲ್ಲಿಂದ ಸುತ್ತಾಡಬೇಕು. ನನ್ನ ಕೇಳಿದ್ರ ಆ ಹಳ್ಳಿ ಪುರಂದರ ಕಿಲ್ಲಾದ ಬುಡದಾಗಿನ ನಾರಾಯಣಪುರನೇ.

ನಮ್ಮ ಕಡೆ ಮಂದಿಗೆ ನಾರಾಯಣಪುರ ಹೊಸದೇನಲ್ಲ. ಗಾಣಗಾಪುರಕ್ಕ ಹೋಗೋ ದತ್ತ ಭಕ್ತರು ಇಲ್ಲಿ ಏಕಮುಖಿ ದತ್ತನ ದರ್ಶನಕ್ಕೂ ಬರ್ತಾರ, ಬಾಜೂಕ ಯಾದವರ ಕಾಲದ ನಾರಾಯಣೇಶ್ವರ ಗುಡಿ ಅದ, ಕೆಳಗ ಕೇತಕಾವಳೆಯೊಳಗ ತಿರುಪತಿ ನಮೂನಿಲೇ ಕಟ್ಟಿದ ಪ್ರತಿ ಬಾಲಾಜಿ ಗುಡಿ. ಹಿಂಗಾಗಿ ಇರಾಕ, ಊಟಕ್ಕ ತ್ರಾಸಿಲ್ಲ. ಗುರುವಾರ, ಹುಣ್ಣಿಮಿ ಮತ್ತ ದತ್ತ ಜಯಂತಿ ಮಾತ್ರ ತಪ್ಪಿಸ್ರಿ, ಆವತ್ತು ರಸ್ತಾದಾಗ ಸೈಕಲ್ ಅಲ್ಲ, ಕಾಲಿಡಾಕ ಜಾಗ ಇರಂಗಿಲ್ಲ.

ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಸೈಕಲ್ ತರವ್ರು ಪುಣೆ ಸ್ಟೇಶನ್ ತನಕ ಬರೂದೇ ಬ್ಯಾಡ. ಮಿರಜ್-ಪುಣೆ ಲೈನಿನ ಮ್ಯಾಲೇ ಜೆಜೂರಿ ಸ್ಟೇಶನ್ ಅದ. ಎಲ್ಲಾ ಗಾಡಿ ನಿಲ್ಲಂಗಿಲ್ಲ, ನಿಂತ್ರೂ ಭಾಳ ಹೊತ್ತು ನಿಲ್ಲಂಗಿಲ್ಲ, ಅದಕ್ಕ ಸೈಕಲ್ ಲಗೇಜ್ ಡಬ್ಬಿಗೆ ಹಾಕೋಕಿಂತ ಗಾಲಿ ಬಿಚ್ಚಿ ಚೀಲದಾಗ ಕಟ್ಟಿ ಜೋಡಿಲೆ ಇಟ್ಕೊಳ್ಳೋದು ಪಾಡು. ಇಳಿದ್ರಿ, ಗಾಲಿ ಹಾಕಿದ್ರಿ, ಖಂಡೋಬಾಗ ಕೈ ಮುಗಿದ್ರಿ, ನಮ್ಮ ಮೈಲಾರಲಿಂಗನೇ ಅಲ್ರಿ ಆತ, ಮೆಟ್ಟಲದ ತುಂಬ ಭಂಡಾರದ ಅರಿಷಿಣ, ಆಮ್ಯಾಲೆ ಸಾಸವಡ್ ಮಾರ್ಗ ಹಿಡಿದು ನಾರಾಯಣಪುರ. ಅರಿಷಿಣ ಚೈನಿಗೆ ಹತ್ತಿದ್ರ ಎಣ್ಣಿ ಜೋಡಿ ಗಟ್ಟಿಯಾಗಿ ಕೂಡ್ತದ, ಸೈಕಲ್ ಮೆಟ್ಟಲದಿಂದ ದೂರ ನಿಲ್ಲಸ್ರಿ.

ನಾರಾಯಣಪುರದಾಗ ಇದ್ರ ಮೂರು ದಿಕ್ಕಿಗೆ ಮೂರು ನಮೂನಿ ದಾರಿ. ಪುರಂದರ ಗಡದ್ದು ದೂರ ಕಮ್ಮಿ, ಏರು ಜಗ್ಗಿ. 1657ರಾಗ ಸಂಭಾಜಿ ಮಹಾರಾಜರು ಹುಟ್ಟಿದ ಕಿಲ್ಲಾ, 1665ರಾಗ ಶಿವಾಜಿ ಮಹಾರಾಜರು ಮಿರ್ಜಾ ರಾಜಾ ಜೈಸಿಂಗನ ಜೋಡಿ ಒಪ್ಪಂದ ಮಾಡ್ಕೊಂಡಿದ್ದೂ ಇದರ ಹೆಸರಿಲೇ. ಮ್ಯಾಲೆ ಮಿಲಿಟರಿಯವ್ರು ಇದ್ದಾರ, ಐಡಿ ಕಾರ್ಡ್ ಇಟ್ಕೊಂಡಿರ್ರಿ, ಸಂಜಿ ಮಾಡಬ್ಯಾಡ್ರಿ. ಬ್ಯಾಗ್ ರೂಮಿನಾಗ ಬಿಟ್ಟು ಖಾಲಿ ಸೈಕಲ್ ಮ್ಯಾಲೆ ಹೋಗ್ರಿ, ಹಳ್ಳಿಯಾಗ ಇರೂದ್ರ ಸುಖ ಗೊತ್ತಾಗೂದೇ ಇಂಥಲ್ಲಿ, ಪುಣೆಯಿಂದ ಬಂದವ್ರು ಇಲ್ಲಿ ಮುಟ್ಟೋ ಹೊತ್ತಿಗೆ ಬಿಸಲೇರಿರ್ತದ, ನೀವು ಅಷ್ಟೊತ್ತಿಗೆ ಇಳದು ಬಂದು ಮಿಸಳ ತಿಂತಿರ್ತೀರಿ.

ಎರಡನೇದ್ದು ಭೋರ ಕಡೆ. ಸಣ್ಣ ಘಾಟ್ ಇಳಿದು ಬಾಲಾಜಿ, ಕಾಪೂರಹೋಳದಾಗ ಹೈವೇ ಬರೇ ದಾಟೂದು, ತುಳಿಯೂದಲ್ಲ, ಮುಂದ ಭೋರ, ಮನಸ್ಸಿದ್ರ ಭಾಟಘರ ಡ್ಯಾಮ್. ಭೋರ ತನಕ ಹೋಗಿ ಬಂದು 50 ಕಿಲೋಮೀಟರ್ ಆಸುಪಾಸು. ಕಡೀಕ ಬಾಲಾಜಿಯಿಂದ ವಾಪಸ್ ಏರು ಅದ, ಅದನ್ನ ಲೆಕ್ಕದಾಗ ಹಿಡೀರಿ.

ಮೂರನೇದ್ದು ನನಗ ಭಾಳ ಸೇರೂದು, ಕರ್ಹಾ ನದಿ ಜೋಡಿ ಮೂಡಣಕ್ಕ ಹೋಗೂದು. ಸಾಸವಡ್‌ದಾಗ ಸಂಗಮೇಶ್ವರ ಗುಡಿ, ಸೋಪಾನದೇವರ ಸಮಾಧಿ, ಮುಂದ ಜೆಜೂರಿ, ಅದರ ಮುಂದ ಅಷ್ಟವಿನಾಯಕದ ಮೊದಲನೇ ಗಣಪತಿ ಮೋರಗಾವ. ಹೋಗಿ ಬಂದು 90ರ ಹತ್ರ ಆಗ್ತದ. ಮಳಿಗಾಲದಾಗ ಇಲ್ಲಿ ಗಾಳಿ ಪಡುವಣದಿಂದ ಬೀಸ್ತದ, ಹೋಗುವಾಗ ಯಾರೋ ಬೆನ್ನು ನೂಕಿದಂಗ ಆಗ್ತದ, ನಾವೇ ಶಾಣ್ಯಾರು ಅನ್ಸ್ತದ, ಹೊಳ್ಳಿ ಬರುವಾಗ ಇಳಿಜಾರದಾಗೂ ಪೆಡಲ್ ತುಳೀಬೇಕು. ಮಳಿಗಾಲದಾಗ ಬರವ್ರು ಮೋರಗಾವದಾಗೇ ರಾತ್ರಿ ಕಳದು ಬರ್ರಿ. ಮತ್ತ ಆಷಾಢಿ ವಾರಿ (ಪಂಢರಪುರದ ಪಾದಯಾತ್ರಾ) ಹೊತ್ತಿಗೆ ಜ್ಞಾನೇಶ್ವರ ಪಾಲಖಿ ದಿವೇ ಘಾಟ್, ಸಾಸವಡ್, ಜೆಜೂರಿ ಇದೇ ದಾರಿಲೆ ಪಂಢರಪುರಕ್ಕ ಹೋಗ್ತದ. ಆವಾಗ ಸೈಕಲ್ ಬದಿಗಿಟ್ಟು ವಾರಕರಿಗಳ ಜೋಡಿ ನಡದುಬಿಡ್ರಿ.

ಈಗ ಅಂಜೂರದ ಸೀಸನ್. ಪುರಂದರ ಅಂಜೂರಕ್ಕ 2016ರಾಗ ಜಿಐ (ಭೌಗೋಳಿಕ ಗುರುತು) ಮಾನ್ಯತಾ ಸಿಕ್ಕದ, ಸಾಸವಡ್ ಸುತ್ತ ರಸ್ತಾ ಬಾಜೂಕ ಬುಟ್ಟಿಯೊಳಗ ಎಲಿ ಹಾಸಿ ಒಂದರ ಬಾಜೂಕ ಒಂದು ನಿಲ್ಲಿಸಿ ಮಾರ್ತಿರ್ತಾರ, ಸಿಪ್ಪಿ ಎಷ್ಟು ತೆಳುವಂದ್ರ ಹೆಬ್ಬೆರಳು ಒತ್ತಿದ್ರ ಒಡೀತದ. ಅಲ್ಲೇ ನಿಂತು ತಿನ್ರಿ. ಮನಿಗೆ ಅಂತ ಸೈಕಲ್ ಗಾಲಿ ಬಾಜೂಕ ತೂಗೋ ಪ್ಯಾನಿಯರ್ ಬ್ಯಾಗಿಗೆ ಹಾಕಿದ್ರ ನಾರಾಯಣಪುರಕ್ಕ ಬರೂದ್ರಾಗ ಅರಿವಿ ತುಂಬ ಜಾಮ್. ಒಡ್ಯಾಕ ಕಾರಣ ಸ್ಪೀಡ್ ಬ್ರೇಕರ್. ಬಿಳಿ ಪಟ್ಟಿ ಐದಾರು ಸಾಲು ಒತ್ತೊತ್ತಿಗೆ ಬಳಿದಿರ್ತಾರಲ್ರಿ, ರಸ್ತಾದ ಈ ಅಂಚಿಂದ ಆ ಅಂಚಿನ ತನಕ, ಸಾಮಾನು ಹೇರಿದ ಸೈಕಲ್ಲಿನ ಸ್ಪೋಕ್ ತಡಕೊಳ್ಳಂಗಿಲ್ಲ. ಅಂಚಿನಾಗ ಒಂದು ಗೇಣು ಬಿಟ್ರ ಸಾಕು, ಸೈಕಲ್ ನೆಟ್ಟಗ ಹೋಗ್ತದ, ಕಾರಿನ ವೇಗ ಹೆಂಗೂ ಇಳೀತದ. ಮಾಡೋರಿಗೆ ಖರ್ಚಿಲ್ಲ, ಬಣ್ಣನೂ ಉಳೀತದ.

2026ರ ಜನವರಿಯಾಗ ಪುಣೆ ಗ್ರ್ಯಾಂಡ್ ಟೂರ್ ಸೈಕಲ್ ರೇಸ್ ಆದಾಗ ಮುಳಶಿ, ಮಾವಳ, ಪುರಂದರ ಕಡೆ ವಿದೇಶದ ರೇಸರ್‌ಗಳು ಬಂದು ಹೋದ್ರು, ಛಲೋ ಆತು. ಆದ್ರ ಅವ್ರು ಓಡಿಸುವಾಗ ರಸ್ತಾ ಬಂದ್ ಮಾಡಿರ್ತಾರ, ಮುಂದ ಹಿಂದ ಪೊಲೀಸ್ ಗಾಡಿ. ಮರುದಿನ ಅದೇ ರಸ್ತಾದ ಮ್ಯಾಲೆ ಫರ್ಗ್ಯುಸನ್ ಕಾಲೇಜಿನ ಹುಡುಗ ಸೆಕೆಂಡ್ ಹ್ಯಾಂಡ್ ಗಿಯರ್ ಸೈಕಲ್ ತಗೊಂಡು ಹೊಂಟ್ರ ಅವಂಗ ಯಾರೂ ಇಲ್ಲ. 1885ರಿಂದ ಆ ಕಾಲೇಜಿಗೆ, 1949ರಿಂದ ವಿದ್ಯಾಪೀಠಕ್ಕ ಎಷ್ಟೋ ಕನ್ನಡ ಹುಡುಗ್ರು ಬಂದಾರ, ಒಂದು ಕಾಲಕ್ಕ ಸೈಕಲ್ಲಿನ ಊರು ಅಂತ ಹೆಸರಾದ ಪುಣೆ ಇದು. ನಿಮ್ಮ ಲೇಖನ ಓದಿ ಹೊರಡವ್ರೂ ಅಂಥ ಹುಡುಗ್ರೇ, ಅದಕ್ಕ ನನಗ ಕಾಳಜಿ.

ಸಾಸವಡ್ ಮೂಡಣದ ಸಣ್ಣ ರಸ್ತಾಗಳನ್ನ ನೋಡೂದಿದ್ರ ಲಗೂ ನೋಡ್ರಿ. ಪುಣೆಯ ಹೊಸ ವಿಮಾನ ನಿಲ್ದಾಣಕ್ಕಂತ ಪಾರಗಾವ, ಖಾನವಡಿ, ವನಪುರಿ, ಕುಂಭಾರವಳಣ ಹಿಡಿದು 7 ಹಳ್ಳಿ ಜಮೀನು ಕೇಳ್ಯಾರ. ರೈತರು ವಿರೋಧ ಮಾಡ್ಯಾರ, ಅವ್ರ ಸಂಕಟದ ಮುಂದ ನಮ್ಮ ಸೈಕಲ್ ಯಾವ ಲೆಕ್ಕ, ಆದ್ರೂ ದಾರಿ ಹೇಳುವಾಗ ಇದನ್ನ ಹೇಳದ ಬಿಡಾಕ ಬರಂಗಿಲ್ಲ.

ಇನ್ನೊಂದು ತಕರಾರು, ಯಾತ್ರಾ ಜಾಗದ ಲಾಡ್ಜಿನವ್ರದ್ದು. ಹೆಸರು ಬ್ಯಾಡ, ಒಂದು ಕಡೆ ಸೈಕಲ್ ಒಳಗ ತರಬ್ಯಾಡ್ರಿ, ಹೊರಗ ಗಿಡಕ್ಕ ಕಟ್ರಿ ಅಂದ್ರು. ಬೆಳಿಗ್ಗೆ ಎದ್ದು ನೋಡಿದ್ರ ಲೈಟು, ಪಂಪು ಎರಡೂ ಇಲ್ಲ. ಫೋನ್ ಮಾಡುವಾಗ ಬಾಡಗಿ ಎಷ್ಟ್ರಿ ಅಂತ ಕೇಳೋಕಿಂತ ಮೊದಲು ಸೈಕಲ್ ಒಳಗ ಇಡಾಕ ಕೊಡ್ತೀರೇನ್ರಿ ಅಂತ ಕೇಳ್ರಿ.

ಮುಂದಿನ ಪುರವಣಿಯೊಳಗ ಆ ದಾರಿ ತಿದ್ದಿ ಹಾಕ್ರಿ ಅಂತ ವಿನಂತಿ. ಕಿಲೋಮೀಟರ್ ಜೋಡಿ ಏರು ಎಷ್ಟು ಮೀಟರ್ ಅನ್ನೂದೂ ಬರೀರಿ, ಘಾಟಿನ ನಾಡಿನಾಗ ಬರೇ ದೂರ ಹೇಳಿದ್ರ ಉಪಯೋಗ ಇಲ್ಲ. ಹಾಕೂದಿದ್ರ ಈ ತಿಂಗಳೇ ಹಾಕ್ರಿ, ಏಪ್ರಿಲ್ ಬಂತಂದ್ರ ಸಾಸವಡ್-ಜೆಜೂರಿ ರಸ್ತಾದಾಗ ಹನ್ನೊಂದು ಗಂಟೆ ಮ್ಯಾಲೆ ನೆರಳು ಹುಡುಕಬೇಕಾಗ್ತದ.

ಇಂತಿ ನಿಮ್ಮ ಓದುಗ,
ಕೋಥರೂಡ, ಪುಣೆ