ಮಗಳಿಗೊಂದು ಪತ್ರ: ಬಲಗೆನ್ನೆ ಎಂದೇ ಯಾಕೆ ಹೇಳಿದ

ಬೀದರ್
ಭಾನುವಾರ ರಾತ್ರಿ

ಮಗಳೇ,

ನಮ್ಮ ಕ್ರೈಸ್ತರ ಬಗ್ಗೆ ಹಾಸ್ಟೆಲ್ ಗ್ರೂಪಿನಲ್ಲಿ ಬಂದ ಆ ಮೆಸೇಜ್ ಓದಿದೆ. 'ದುಡ್ಡಿನ ಆಸೆಗೆ ಮತ ಬಿಟ್ಟವರು' ಎಂಬ ಮಾತು ಎದೆಗೆ ನಾಟುವಂಥದ್ದೇ. ನೀನಿನ್ನೂ ಉತ್ತರ ಕೊಟ್ಟಿಲ್ಲ, ಒಳ್ಳೆಯದಾಯಿತು. ಆದರೆ ಹೆದರಿ ಸುಮ್ಮನಿರುವುದು ಬೇರೆ, ಕರ್ತನ ಮೇಲೆ ಭಾರ ಹಾಕಿ ಸುಮ್ಮನಿರುವುದು ಬೇರೆ, ತಾಯಿ.

ಅಶ್ಶೂರದ ಅರಸನ ಅಧಿಕಾರಿ ರಬ್ಷಾಕೆ ಯೆರೂಸಲೇಮಿನ ಗೋಡೆಯೆದುರು ನಿಂತು, ಎಲ್ಲರಿಗೂ ತಿಳಿಯಲೆಂದು ಅವರದೇ ಭಾಷೆಯಲ್ಲಿ ದೇವರನ್ನು ಹೀಯಾಳಿಸಿದ. ತಮ್ಮ ಅರಸ ಹಿಜ್ಕೀಯನ ಅಪ್ಪಣೆಯಂತೆ ಜನ ತುಟಿ ಬಿಚ್ಚಲಿಲ್ಲ. ಆಮೇಲೆ ಬಂದ ಬೆದರಿಕೆಯ ಪತ್ರವನ್ನು ಹಿಜ್ಕೀಯ ದೇವಾಲಯಕ್ಕೆ ಒಯ್ದು ಕರ್ತನ ಮುಂದೆ ಬಿಚ್ಚಿಟ್ಟ (2 ಅರಸುಗಳು 19:14). ನೀನೂ ಹಾಗೇ ಮಾಡು. ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಗ್ರೂಪ್ ಮ್ಯೂಟ್ ಮಾಡು. ಆ ಮಾತನ್ನು ಕಾಗದದಲ್ಲಿ ಬರೆದು ಸತ್ಯವೇದದೊಳಗಿಟ್ಟು, ಕಳಿಸಿದವಳ ಹೆಸರು ಹಿಡಿದು ಪ್ರಾರ್ಥಿಸು. ಶುರುವಿನಲ್ಲಿ ಬರೀ ದೂರೇ ಬಾಯಿಗೆ ಬರುತ್ತದೆ. ಬರಲಿ, ಕೀರ್ತನೆಗಳಲ್ಲಿ ಅಂಥ ದೂರು ಬೇಕಾದಷ್ಟಿವೆ.

ಇನ್ನೊಂದು ಕೆನ್ನೆ ತೋರಿಸುವ ಮಾತನ್ನು ನಮ್ಮವರೇ ಎಷ್ಟೋ ಮಂದಿ ತಪ್ಪು ತಿಳಿದಿದ್ದಾರೆ. ಯೇಸುಸ್ವಾಮಿ 'ಬಲಗೆನ್ನೆ' ಎಂದೇ ಹೇಳಿದ್ದಾನೆ (ಮತ್ತಾಯ 5:39). ಎದುರು ನಿಂತವನ ಬಲಗೆನ್ನೆಗೆ ಬಲಗೈಯಿಂದ ಹೊಡೆಯಬೇಕೆಂದರೆ ಹಿಂಗೈಯಿಂದಲೇ, ಅಂದರೆ ಅಂಗೈಯ ಹಿಂಬದಿಯಿಂದಲೇ ಹೊಡೆಯಬೇಕು. ಯೆಹೂದ್ಯರ ಹಳೆಯ ನಿಯಮಗಳ ಸಂಗ್ರಹವಾದ ಮಿಷ್ನಾದಲ್ಲಿ ಅಂಗೈ ಏಟಿಗೆ 200 ಜೂಜ್ (ಬೆಳ್ಳಿ ನಾಣ್ಯ) ದಂಡ, ಹಿಂಗೈ ಏಟಿಗೆ 400. ಹಿಂಗೈ ಏಟಿನಲ್ಲಿ ನೋವಿಗಿಂತ ಅವಮಾನ ಹೆಚ್ಚು ನೋಡು. ಅದಕ್ಕೆ ತಿರುಗಿ ಹೊಡೆಯಬೇಡ, ನಿಂತ ಜಾಗ ಬಿಟ್ಟು ಓಡಲೂ ಬೇಡ.

ಮಹಾಯಾಜಕನ ಮುಂದೆ ಸೇವಕನೊಬ್ಬ ಹೊಡೆದಾಗ ಸ್ವಾಮಿ ತಿರುಗಿ ಹೊಡೆಯಲಿಲ್ಲ, ಆದರೆ ಕೇಳಿದ: ನಾನು ಆಡಿದ್ದು ತಪ್ಪಾಗಿದ್ದರೆ ತೋರಿಸು, ಸರಿಯಾಗಿದ್ದರೆ ಯಾಕೆ ಹೊಡೆದಿ? (ಯೋಹಾನ 18:23). ನಿನಗೂ ಅಷ್ಟೇ ಸಾಕು. ಒಂದು ರಾತ್ರಿ ಕಳೆದ ಮೇಲೆ, ಗ್ರೂಪಿನಲ್ಲಲ್ಲ, ಮೆಸ್ಸಿನ ಗದ್ದಲ ಮುಗಿದ ಹೊತ್ತಿಗೆ ಅವಳೊಬ್ಬಳೇ ಸಿಕ್ಕಾಗ ಮೆಲ್ಲಗೆ ಕೇಳು: 'ಆ ಮಾತು ನನಗೆ ನೋವಾಯಿತು. ಹಾಗ್ಯಾಕೆ ಅನ್ನಿಸಿತು ನಿನಗೆ?' ಕೇಳಿದ ಮೇಲೆ ಅವಳು ಹೇಳುವುದನ್ನು ಪೂರ್ತಿ ಕೇಳಿಸಿಕೋ. ನಡುವೆ ಬಾಯಿ ಹಾಕಿದೆಯೋ, ಅದು ವಾದವಾಗಿಬಿಡುತ್ತದೆ. ವಿಶ್ವಾಸದ ಬಗ್ಗೆ ಕೇಳಿದರೆ ಹೇಳು, ಸಾತ್ವಿಕತೆಯಿಂದ, ಗೌರವದಿಂದ (1 ಪೇತ್ರ 3:15). ಅವಳ ದೇವರ ಬಗ್ಗೆ ಒಂದು ಹಗುರ ಮಾತೂ ಬರಕೂಡದು.

ಎಡವುವುದು ಎಲ್ಲಿ ಗೊತ್ತೇ? ವಾಕ್ಯವನ್ನೇ ಕಲ್ಲಿನಂತೆ ಬೀಸುವುದರಲ್ಲಿ. 'ನಿನಗೋಸ್ಕರ ಪ್ರಾರ್ಥಿಸ್ತೀನಿ' ಎಂದು ಹಲ್ಲು ಕಚ್ಚಿ ಹೇಳಿದರೆ ಅದೂ ಬೈಗುಳವೇ. ಪ್ರಾರ್ಥಿಸು, ಅವಳಿಗೆ ಹೇಳಬೇಡ.

ಬೆದರಿಕೆ ಬಂದರೆ, ಹಿಂಬಾಲಿಸಿದರೆ, ಮೈಮುಟ್ಟಿದರೆ ಲೆಕ್ಕವೇ ಬೇರೆ. ಫಿಲಿಪ್ಪಿ ಪಟ್ಟಣದಲ್ಲಿ ವಿಚಾರಣೆಯಿಲ್ಲದೆ ಹೊಡೆಸಿ ಗುಟ್ಟಾಗಿ ಕಳಿಸಿಬಿಡಲು ನೋಡಿದಾಗ, ಅಪೊಸ್ತಲ ಪೌಲ ತಾನು ರೋಮಿನ ಪೌರತ್ವದ ಹಕ್ಕುಳ್ಳವನೆಂದು ಹೇಳಿ, ಅಧಿಕಾರಿಗಳೇ ಬಂದು ಕರೆದೊಯ್ಯಲಿ ಎಂದ (ಅಪೊಸ್ತಲರ ಕೃತ್ಯಗಳು 16:37). ನಿನಗೂ ಧಾರ್ಮಿಕ ಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೇ ವಿಧಿ ಇದೆ. ತಾರೀಖು, ಸಮಯ, ನೋಡಿದವರ ಹೆಸರು ಬರೆದು ವಾರ್ಡನ್‌ಗೆ ಅರ್ಜಿ ಕೊಡು, ಒಂದು ಪ್ರತಿಯ ಮೇಲೆ ಸಹಿ ಹಾಕಿಸಿಕೋ. ಅಪಾಯ ಕಂಡರೆ 112ಕ್ಕೆ ಫೋನ್ ಮಾಡು, ಆಮೇಲೆ ನನಗೆ. ಕ್ಷಮಿಸುವುದಕ್ಕೂ ದೂರು ಕೊಡುವುದಕ್ಕೂ ವಿರೋಧವಿಲ್ಲ.

ಅವಳಿಗೆ ಎರಡು ದಿನದಿಂದ ಜ್ವರ ಎಂದು ಬರೆದಿದ್ದಿ. ಗಂಜಿ ಮಾಡಿ ಒಯ್ಯಿ, ಉಪ್ಪು ಸ್ವಲ್ಪವೇ ಹಾಕು. ಬಾಗಿಲ ಹತ್ತಿರ ಇಟ್ಟು ಬರಬೇಡ, ಕೈಗೆ ಕೊಡು. ಮೆಸೇಜಿನ ಮಾತು ಅವತ್ತು ಎತ್ತಬೇಡ.

ನಿನ್ನ ಅವ್ವ