ಚಾರ್ಟ್ ಆಮೇಲೆ, ಮೊದಲು ಮೈಕ್ರೋಮೀಟರ್ ಕೈಗೆ ಕೊಡಿ

ಸಂಪಾದಕರಿಗೆ ನಮಸ್ಕಾರ.

ನಾನು ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಮಷೀನ್ ಶಾಪ್‌ನಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ನನ್ನೂರು ಗೋಕಾಕ ತಾಲ್ಲೂಕಿನಲ್ಲಿದೆ. ಬೆಳಗಾವಿಯಲ್ಲಿ ಡಿಪ್ಲೊಮಾ ಮುಗಿಸಿ ಇಲ್ಲಿಗೆ ಬಂದು 19 ವರ್ಷ ಆಯಿತು. ಎಂಜಿನಿಯರಿಂಗ್ ಪ್ರವೇಶದ ದಿನಗಳು ಬಂದಾಗ ನಮ್ಮ ಕನ್ನಡದ ಮನೆಗಳಲ್ಲಿ ಒಂದೇ ಮಾತು: ಯಾವ ಬ್ರಾಂಚ್, ಎಷ್ಟು ಫೀ, ಪ್ಲೇಸ್‌ಮೆಂಟ್ ಹೇಗೆ. ಒಳಗೆ ಹೋದ ಮೇಲೆ ಮಕ್ಕಳಿಗೆ ಪಾಠ ಹೇಗೆ ನಡೆಯುತ್ತದೆ ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಕಳೆದ ವರ್ಷ ನನ್ನ ತಂಗಿಯ ಮಗಳಿಂದ ಅದು ಗೊತ್ತಾಯಿತು. ಅದನ್ನು ಬರೆಯಲೇಬೇಕು ಅನ್ನಿಸಿ ಈ ಪತ್ರ.

ಅವಳು ಇಲ್ಲೇ ಒಂದು ಕಾಲೇಜಿನಲ್ಲಿ ಮೆಕ್ಯಾನಿಕಲ್ ಮೂರನೇ ವರ್ಷ ಓದುತ್ತಿದ್ದಳು. ನಮ್ಮ ಮನೆಯಲ್ಲೇ ಇರುತ್ತಾಳೆ. ಒಂದು ಸಂಜೆ ಕ್ವಾಲಿಟಿ ಪೇಪರ್‌ಗೆ ಓದುತ್ತಾ ಕೂತಿದ್ದಳು. ನನ್ನ ಕೆಲಸವೇ ಅದು, ಖುಷಿಯಾಯಿತು. ಕಂಟ್ರೋಲ್ ಚಾರ್ಟ್ ಅಂದರೇನು ಎಂದು ಕೇಳಿದೆ. ಪಟಪಟ ಹೇಳಿದಳು. ಕೆಲಸ ಹಿಡಿತದಲ್ಲಿದೆಯೇ ಎಂದು ತೋರಿಸುವ ಚಿತ್ರ; ನಡುವೆ ಸರಾಸರಿ ಗೆರೆ, ಮೇಲೆ ಕೆಳಗೆ ಮೂರು ಸಿಗ್ಮಾ (ಸಿಗ್ಮಾ ಎಂದರೆ ಏರುಪೇರಿನ ಅಳತೆ) ದೂರದಲ್ಲಿ ಒಂದೊಂದು ಗೆರೆ, ಆ ಗೆರೆಗಳ ಲೆಕ್ಕಕ್ಕೆ ಬೇಕಾದ ಎ2 ಬೆಲೆ ಐದು ಪೀಸ್‌ನ ಗುಂಪಿಗೆ 0.577. ಒಂದೂ ತಪ್ಪಿಲ್ಲ. "ಡೇಟಾ ಎಲ್ಲಿಂದ ತರುತ್ತೀರಿ?" ಅಂದೆ. "ಸರ್ ಬೋರ್ಡ್ ಮೇಲೆ ಬರೀತಾರೆ ದೊಡ್ಡವ್ವ, ನಾವು ಲೆಕ್ಕ ಮಾಡ್ತೀವಿ" ಅಂದಳು. ದಪ್ಪವನ್ನು ಸೂಕ್ಷ್ಮವಾಗಿ ಅಳೆಯುವ ಮೈಕ್ರೋಮೀಟರ್ ಹಿಡಿದಿದ್ದೀಯಾ ಎಂದರೆ, ಮೊದಲ ವರ್ಷ ಒಂದು ಪ್ರಾಕ್ಟಿಕಲ್‌ನಲ್ಲಿ ಹಿಡಿದಿದ್ದಳಂತೆ. ಬ್ಯಾಚ್‌ನಲ್ಲಿ 20 ಜನ, ಮೈಕ್ರೋಮೀಟರ್ ಮೂರು.

ಅವಳ ಸರ್ ಬಗ್ಗೆ ನನಗೆ ದೂರಿಲ್ಲ. ಅಷ್ಟು ಮಕ್ಕಳು, ಜರ್ನಲ್ ತಿದ್ದುವುದು, ಯೂನಿಟ್ ಟೆಸ್ಟ್, ಇದರಲ್ಲಿ ಅವರು ತಾನೇ ಏನು ಮಾಡಿಯಾರು? ಪರೀಕ್ಷೆಯಲ್ಲಿ ಬರುವ ಪ್ರಶ್ನೆ "ಏಳು ಕ್ಯೂಸಿ (ಕ್ವಾಲಿಟಿ ಕಂಟ್ರೋಲ್) ಟೂಲ್‌ಗಳನ್ನು ಚಿತ್ರ ಸಹಿತ ವಿವರಿಸಿ" ಎಂದಿದ್ದರೆ ಮಕ್ಕಳು ಚಿತ್ರವನ್ನೇ ಕಲಿಯುತ್ತಾರೆ.

ನಮ್ಮ ಶಾಪ್‌ಗೆ ರಜೆ ಗುರುವಾರ. ಭಾನುವಾರ ಕೆಲಸ ಇರುತ್ತದೆ, ಅವಳಿಗೆ ಕಾಲೇಜು ಇರುವುದಿಲ್ಲ. ಮಾಲೀಕರನ್ನು ಕೇಳಿ ಡಿಸೆಂಬರ್‌ನ ಒಂದು ಭಾನುವಾರ ಅವಳನ್ನು ಕರೆದುಕೊಂಡು ಹೋದೆ.

ಇಲ್ಲಿ ಹಳೆಯ ಒಂದು ವಿಷಯ ಹೇಳಬೇಕು. ಆರು ವರ್ಷದ ಹಿಂದೆ ನಮ್ಮಲ್ಲಿ ಒಬ್ಬ ಹುಡುಗ ರಾತ್ರಿ ಪಾಳಿಯಲ್ಲಿ ಗ್ರೈಂಡಿಂಗ್ ಮಷೀನ್ ನಡೆಸುತ್ತಿದ್ದ. ವಿಜಯಪುರ ಜಿಲ್ಲೆಯವನು, ಪಿಯುಸಿ ಓದಿದ್ದ. ಕೆಲಸ 40 ಮಿಲಿಮೀಟರ್ ಶಾಫ್ಟ್‌ನದು. ಡ್ರಾಯಿಂಗ್ ಪ್ರಕಾರ 40.000ಕ್ಕಿಂತ ಜಾಸ್ತಿ ಇರಬಾರದು, 39.984ಕ್ಕಿಂತ ಕಡಿಮೆ ಇರಬಾರದು. ಅಂದರೆ ನಮಗೆ ಸಿಗುವ ಜಾಗ ಬರೀ 16 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್). ತಲೆಗೂದಲು ಇದರ ನಾಲ್ಕೈದು ಪಟ್ಟು ದಪ್ಪ ಇರುತ್ತದೆ. ಜನವರಿಯಲ್ಲಿ 640 ಶಾಫ್ಟ್‌ನ ಒಂದು ಲಾಟ್ ಹೋಯಿತು. ಅದರಲ್ಲಿ 71 ಸಣ್ಣವು ಎಂದು ಗಿರಾಕಿ ಪೂರ್ತಿ ಲಾಟ್ ವಾಪಸ್ ಕಳಿಸಿದರು. ದಪ್ಪ ಇದ್ದರೆ ಇನ್ನೊಮ್ಮೆ ಉಜ್ಜಬಹುದು. ಸಣ್ಣದಾದರೆ ಮುಗಿಯಿತು, ಭಂಗಾರಕ್ಕೆ. (ಇಲ್ಲಿನ ಮರಾಠಿಯಲ್ಲಿ ಭಂಗಾರ ಎಂದರೆ ಗುಜರಿ. ಊರಿಂದ ಹೊಸದಾಗಿ ಬಂದ ನಮ್ಮ ಹುಡುಗರು ಈ ಮಾತು ಕೇಳಿ ಮೊದಮೊದಲು ಗಲಿಬಿಲಿಯಾಗುತ್ತಾರೆ.)

ಎಲ್ಲ 71 ಪೀಸ್ ರಾತ್ರಿ ಪಾಳಿಯವು. ಅವನ ರಿಜಿಸ್ಟರ್ ತೆಗೆದು ನೋಡಿದರೆ ರೀಡಿಂಗ್ ಎಲ್ಲ 39.990, 39.992, 39.993. ಒಂದೂ ಕೆಟ್ಟಿಲ್ಲ. ಅಳೆಯದೆ ಸುಮ್ನೆ ಬರೆದಿದ್ದಾನೆ ಎಂದು ಎಲ್ಲರೂ ತೀರ್ಮಾನಿಸಿದರು. ನಾನೂ ಹಾಗೇ ಅಂದುಕೊಂಡೆ. ಎಲ್ಲರ ಮುಂದೆ ಬೈದೆ. "ಅಕ್ಕಾರ, ನಾ ಪ್ರತಿಯೊಂದೂ ಅಳತಿ ಮಾಡೇ ಬರದೇನ್ರಿ" ಎಂದು ಎರಡು ಸಲ ಹೇಳಿದ. ಯಾರೂ ಕೇಳಲಿಲ್ಲ. ತಿಂಗಳ ಕೊನೆಗೆ ಅವನನ್ನು ಕೆಲಸದಿಂದ ಬಿಡಿಸಿದರು.

ಅವನು ಹೋದ ಮೇಲೂ ತೊಂದರೆ ನಿಲ್ಲಲಿಲ್ಲ. ಬೇಸಿಗೆಯಲ್ಲಿ ಇರುವುದಿಲ್ಲ, ಚಳಿಗಾಲ ಬಂದರೆ ಮತ್ತೆ ಶುರು. ಪ್ರತಿ ಸಲ ರಾತ್ರಿ ಪಾಳಿಯ ಒಬ್ಬ ಆಪರೇಟರ್ ಬೈಗುಳ ತಿನ್ನುತ್ತಿದ್ದ. ನಾವು ಫಿಶ್‌ಬೋನ್ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದೆವು. ಜಪಾನಿನ ಕಾವೊರು ಇಶಿಕಾವಾ ರೂಪಿಸಿದ ಚಿತ್ರ ಅದು. ಮೀನಿನ ಮುಳ್ಳಿನ ಹಾಗೆ ಒಂದೊಂದು ಕವಲಿಗೆ ಮನುಷ್ಯ, ಮಷೀನ್, ಸಾಮಗ್ರಿ, ವಿಧಾನ, ಅಳತೆ, ಪರಿಸರ ಎಂದು ಹೆಸರು. ನಮ್ಮ ಗೋಡೆಯ ಚಿತ್ರದಲ್ಲಿ 'ಮನುಷ್ಯ' ಎಂಬ ಮುಳ್ಳಿನ ಮೇಲೆ ಹತ್ತು ಕಾರಣ ಬರೆದಿತ್ತು. 'ಅಳತೆ' ಎಂಬ ಮುಳ್ಳು ಖಾಲಿ.

ಆ ಭಾನುವಾರ ನಾನು ತಂಗಿಯ ಮಗಳಿಗೆ ಕೊಟ್ಟ ಕೆಲಸ ಗೇಜ್ ಆರ್ ಅಂಡ್ ಆರ್, ಅಂದರೆ ನಮ್ಮ ಅಳತೆಯನ್ನೇ ಪರೀಕ್ಷಿಸುವುದು. ಹತ್ತು ಪೀಸ್ ತೆಗೆದುಕೊಳ್ಳಬೇಕು. ಮೂರು ಜನ, ಒಬ್ಬೊಬ್ಬರು ಮೂರು ಸಲ ಅಳೆಯಬೇಕು. ಒಟ್ಟು 90 ರೀಡಿಂಗ್. ಅದೇ ಪೀಸ್‌ಗೆ ಬೇರೆ ಬೇರೆ ರೀಡಿಂಗ್ ಬಂದರೆ ಆ ವ್ಯತ್ಯಾಸ ಪೀಸ್‌ನದಲ್ಲ, ನಮ್ಮ ಅಳತೆಯದು. ಒಟ್ಟು ವ್ಯತ್ಯಾಸದಲ್ಲಿ ಅಳತೆಯ ಪಾಲು ನೂರಕ್ಕೆ 10ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. 10ರಿಂದ 30 ಇದ್ದರೆ ಕೆಲಸ ನೋಡಿ ಒಪ್ಪಬಹುದು. 30 ದಾಟಿದರೆ ಆ ಅಳತೆಯನ್ನು ನಂಬುವ ಹಾಗಿಲ್ಲ. ವಾಹನದ ಬಿಡಿಭಾಗ ಮಾಡುವ ಕಂಪನಿಗಳು ಐಎಟಿಎಫ್ 16949 ಎಂಬ ಗುಣಮಟ್ಟದ ಮಾನದಂಡದ ಪ್ರಕಾರ ಇಂಥ ಪರೀಕ್ಷೆ ಮಾಡಲೇಬೇಕು. ನಮ್ಮಲ್ಲೂ ಫೈಲ್‌ನಲ್ಲಿ ಇತ್ತು. ಆದರೆ ಅದನ್ನು ಪ್ರತಿ ಸಲ ಹಗಲಲ್ಲಿ, ನಮ್ಮ ಇನ್ಸ್‌ಪೆಕ್ಷನ್ ಟೇಬಲ್ ಮೇಲೆ, ತಣ್ಣಗಾದ ಪೀಸ್ ಇಟ್ಟುಕೊಂಡು ಮಾಡಿದ್ದೆವು.

ಅವಳಿಗೆ ಅದು ಗೊತ್ತಿರಲಿಲ್ಲ. ಕೆಲಸ ನಡೆಯುವ ಜಾಗದಲ್ಲೇ ಅಳೆಯಬೇಕು ಎಂದುಕೊಂಡು ನೇರ ಮಷೀನ್ ಹತ್ತಿರ ಹೋದಳು. ಆಪರೇಟರ್ ಪೀಸ್ ಇಳಿಸಿ ಅಳೆದ. ಅವಳು ಬರೆದುಕೊಂಡಳು. ಹತ್ತೂ ಆದ ಮೇಲೆ ಅವನ್ನು ಟ್ರೇನಲ್ಲಿ ನನ್ನ ಟೇಬಲ್‌ಗೆ ತಂದಳು. ನಡುವೆ ಚಹಾ ಆಯಿತು. ಆಮೇಲೆ ನಾನು ಅಳೆದೆ. ನನ್ನ ರೀಡಿಂಗ್ ಎಲ್ಲವೂ ಅವನದಕ್ಕಿಂತ ಐದಾರು ಮೈಕ್ರಾನ್ ಕಡಿಮೆ. ಅವಳು ಹಾಳೆ ನೋಡಿದಳು, ನನ್ನನ್ನು ನೋಡಿದಳು. "ದೊಡ್ಡವ್ವ, ಅಲ್ಲಿ ಮುಟ್ಟಿದಾಗ ಇವು ಬೆಚ್ಚಗಿದ್ವು" ಅಂದಳು.

ನನ್ನ ಎದೆ ಧಸಕ್ ಎಂದಿತು. ಉಕ್ಕು ಕಾದರೆ ಹಿಗ್ಗುತ್ತದೆ ಎಂದು ಹೈಸ್ಕೂಲಿನಲ್ಲೇ ಓದಿದ್ದೇವೆ. ಒಂದು ಮೀಟರ್ ಉಕ್ಕು ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 40 ಮಿಲಿಮೀಟರ್ ಶಾಫ್ಟ್ 15 ಡಿಗ್ರಿ ಬೆಚ್ಚಗಿದ್ದರೆ ಸುಮಾರು 7 ಮೈಕ್ರಾನ್. ನಮಗಿರುವ ಜಾಗವೇ 16. ಪೀಸೂ ಮೈಕ್ರೋಮೀಟರೂ ಒಂದೇ ಬಿಸಿಯಲ್ಲಿದ್ದರೆ ಚಿಂತೆಯಿಲ್ಲ, ಎರಡೂ ಒಟ್ಟಿಗೆ ಹಿಗ್ಗುತ್ತವೆ. ಆದರೆ ಚಳಿಗಾಲದ ರಾತ್ರಿ ಭೋಸರಿಯಲ್ಲಿ ತಗಡಿನ ಶೆಡ್ ಕೊರೆಯುತ್ತದೆ. ಟೇಬಲ್ ಮೇಲಿನ ಮೈಕ್ರೋಮೀಟರ್ ತಣ್ಣಗೆ, ಗ್ರೈಂಡಿಂಗ್‌ನಿಂದ ಬಂದ ಪೀಸ್ ಬೆಚ್ಚಗೆ. ಹಗಲಲ್ಲಿ ಪೀಸ್‌ಗಳು ನನ್ನ ಸರದಿ ಬರುವಷ್ಟರಲ್ಲಿ ತಣ್ಣಗಾಗುತ್ತವೆ. ರಾತ್ರಿ ಇನ್ಸ್‌ಪೆಕ್ಟರ್ ಇರುವುದಿಲ್ಲ, ಆಪರೇಟರ್ ಕೂಡಲೇ ಅಳೆದು, ಆ ರೀಡಿಂಗ್ ನೋಡಿಯೇ ಮಷೀನ್ ಹೊಂದಿಸುತ್ತಾನೆ. ಆ ಹುಡುಗ ಪ್ರತಿ ಪೀಸ್ ಅಳೆದಿದ್ದ. ಅವನಿಗೆ ಕಂಡದ್ದು 39.992, ಸರಿಯಾಗಿ ನಡುವೆ. ಬೆಳಗ್ಗೆ ತಣ್ಣಗಾದಾಗ ಅದೇ ಪೀಸ್ 39.985, ಅಂಚಿಗೆ ಬಂದು ಕೂತಿರುತ್ತದೆ. ಸ್ವಲ್ಪ ಏರುಪೇರಾದವು ಅಂಚು ದಾಟುತ್ತವೆ. ಅವನ ರಿಜಿಸ್ಟರ್ ನೋಡಿ ಚಾರ್ಟ್ ಹಾಕಿದ್ದರೆ ಅದು ಚೆಂದವೇ ಬರುತ್ತಿತ್ತು. ಕೆಲಸ ಮಿತಿಯೊಳಗೆ ಎಷ್ಟು ಭದ್ರವಾಗಿದೆ ಎಂದು ಹೇಳುವ ಸಿಪಿಕೆ ಅಂಕಿಯೂ ಒಳ್ಳೆಯದು ಎನ್ನುವ 1.33ರ ಮೇಲೆ ಬರುತ್ತಿತ್ತು. ಗಿರಾಕಿಗೂ ತೋರಿಸಬಹುದಾಗಿತ್ತು.

90 ರೀಡಿಂಗ್‌ನ ಲೆಕ್ಕ ಅವಳೇ ಮಾಡಿದಳು. 30 ದಾಟಿತ್ತು. ಆಮೇಲೆ ಪೀಸ್‌ಗಳನ್ನು ಗ್ರಾನೈಟ್ ಸರ್ಫೇಸ್ ಪ್ಲೇಟ್ ಮೇಲೆ ಅರ್ಧ ಗಂಟೆ ಇಟ್ಟು, ಮೈಕ್ರೋಮೀಟರ್‌ನ ಮುಖ ಒರೆಸಿ, ರ‍್ಯಾಚೆಟ್ ತಿರುಗಿಸಿಯೇ (ಆಗ ಎಲ್ಲರ ಒತ್ತಡ ಒಂದೇ ಇರುತ್ತದೆ) ಅಳೆಯಬೇಕು ಎಂದು ಎಲ್ಲರಿಗೂ ಹೇಳಿ ಇನ್ನೊಮ್ಮೆ ಮಾಡಿದೆವು. 18 ಬಂತು. ರಾತ್ರಿ ಪಾಳಿಯಲ್ಲಿ ಅರ್ಧ ಗಂಟೆ ಕಾಯಲು ಆಗುವುದಿಲ್ಲ. ಅದಕ್ಕೆ ಅಳತೆ ಖಚಿತವಿರುವ ಒಂದು ಮಾಸ್ಟರ್ ಪೀಸ್ ಅನ್ನು ಅದೇ ಉಕ್ಕಿನಲ್ಲಿ ಮಾಡಿಸಿ, ಕೆಲಸದ ಪೀಸ್‌ನಷ್ಟೇ ಬಿಸಿ ಇರಲೆಂದು ಕೂಲೆಂಟ್ (ಗ್ರೈಂಡಿಂಗ್‌ನಲ್ಲಿ ಬಿಸಿ ಇಳಿಸುವ ದ್ರವ) ತಾಗುವ ಹಾಗೆ ಮಷೀನ್ ಹತ್ತಿರವೇ ಇಟ್ಟಿದ್ದೇವೆ. ಡಯಲ್ ಇರುವ ಸ್ನ್ಯಾಪ್ ಗೇಜ್ ಅನ್ನು ಅದಕ್ಕೆ ಹೊಂದಿಸಿಕೊಂಡು ಹೋಲಿಸಿ ನೋಡುತ್ತಾರೆ. ಈ ಚಳಿಗಾಲ ಆ ಶಾಫ್ಟ್‌ನಲ್ಲಿ ಒಂದೂ ಲಾಟ್ ವಾಪಸ್ ಬಂದಿಲ್ಲ.

ಆ ಹುಡುಗನ ನಂಬರ್ ಹುಡುಕಿ ಫೋನ್ ಮಾಡಿದೆ. ಇಂಡಿ ಹತ್ತಿರ ಊರಲ್ಲೇ ಇದ್ದಾನೆ, ಲಿಂಬೆ ತೋಟ ನೋಡಿಕೊಳ್ಳುತ್ತಾನೆ. ತಪ್ಪು ನಮ್ಮದಾಗಿತ್ತು ಎಂದು ಹೇಳಿದೆ, ಕಾರಣವನ್ನೂ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಈ ಮಾತು ನಮ್ಮ ಅಪ್ಪಗ ಒಂದೀಟ ಹೇಳ್ರಿ ಅಕ್ಕಾರ" ಎಂದು ಫೋನ್ ಅಪ್ಪನ ಕೈಗೆ ಕೊಟ್ಟ. ಆರು ವರ್ಷದಿಂದ ಆ ಮನೆಯಲ್ಲಿ ಅವನು ಸುಳ್ಳು ಬರೆದು ಕೆಲಸ ಕಳೆದುಕೊಂಡವನಾಗಿದ್ದ. ಅಪ್ಪನಿಗೂ ಎಲ್ಲ ಹೇಳಿದೆ. ಅವನನ್ನು ಮತ್ತೆ ಕರೆಯಲು ಮಾಲೀಕರು ಒಪ್ಪಿದರು. ಅವನಿಗೆ ಬರುವ ಮನಸ್ಸಿಲ್ಲ.

ಇದನ್ನೆಲ್ಲ ಏಕೆ ಬರೆದೆ ಎಂದರೆ, ನಾಳೆ ಇಂಥ ಶಾಪ್‌ಗಳಿಗೆ ಎಂಜಿನಿಯರ್ ಆಗಿ ಬರುವವರು ಈ ಮಕ್ಕಳೇ. ಬೋರ್ಡ್ ಮೇಲಿನ ಡೇಟಾ ನಂಬಿ ಬೆಳೆದವರು ರಿಜಿಸ್ಟರ್‌ನ ಡೇಟಾವನ್ನೂ ನಂಬುತ್ತಾರೆ. ಲೆಕ್ಕಕ್ಕೂ ಪೀಸ್‌ಗೂ ತಾಳೆಯಾಗದಿದ್ದರೆ ನನ್ನ ಹಾಗೆಯೇ ಆಪರೇಟರ್ ಕಡೆ ಬೆರಳು ತೋರಿಸುತ್ತಾರೆ. ಅಮೆರಿಕದ ಕ್ವಾಲಿಟಿ ತಜ್ಞ ಎಡ್ವರ್ಡ್ಸ್ ಡೆಮಿಂಗ್ ತಮ್ಮ ತರಗತಿಗಳಲ್ಲಿ ಮಣಿಗಳ ಒಂದು ಆಟ ಆಡಿಸುತ್ತಿದ್ದರು. ಪೆಟ್ಟಿಗೆಯಲ್ಲಿ 3200 ಬಿಳಿ ಮಣಿ, 800 ಕೆಂಪು ಮಣಿ; ಕೆಂಪು ಎಂದರೆ ಕೆಟ್ಟ ಪೀಸ್. 50 ಕುಳಿಗಳಿರುವ ಹಲಗೆ ಅದ್ದಿ ತೆಗೆಯಬೇಕು, ಕೆಂಪು ಬರಬಾರದು. ಎಷ್ಟು ಹುಷಾರಾಗಿ ತೆಗೆದರೂ ಸುಮಾರು ಹತ್ತು ಕೆಂಪು ಬಂದೇ ಬರುತ್ತವೆ. ಕಡಿಮೆ ಬಂದವನಿಗೆ ಶಭಾಷ್, ಜಾಸ್ತಿ ಬಂದವನಿಗೆ ಬೈಗುಳ. ಪೆಟ್ಟಿಗೆಯನ್ನು ಯಾರೂ ಮುಟ್ಟುವುದಿಲ್ಲ. ಇದಕ್ಕೆ ಖರ್ಚೇ ಇಲ್ಲ, ಯಾವ ಕಾಲೇಜಿನಲ್ಲೂ ಕಡಲೆ, ಬಟಾಣಿ ಇಟ್ಟು ಒಂದು ತಾಸಿನಲ್ಲಿ ಮಾಡಬಹುದು.

ಈ ವಿದ್ಯೆ ನಮ್ಮ ದೇಶಕ್ಕೆ ತಡವಾಗಿ ಬಂದದ್ದೂ ಅಲ್ಲ. ವಾಲ್ಟರ್ ಶೂಹಾರ್ಟ್ 1924ರ ಮೇ ತಿಂಗಳಲ್ಲಿ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್‌ನಲ್ಲಿ ಒಂದೇ ಪುಟದ ಟಿಪ್ಪಣಿಯಲ್ಲಿ ಮೊದಲ ಕಂಟ್ರೋಲ್ ಚಾರ್ಟ್ ಬರೆದರು. ಅದೇ ಶೂಹಾರ್ಟ್ 1947-48ರಲ್ಲಿ ನಮ್ಮ ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ ಕರೆದರೆಂದು ಭಾರತಕ್ಕೆ ಬಂದು ಕಾರ್ಖಾನೆಗಳನ್ನು ಸುತ್ತಿದ್ದರು. ಜಪಾನಿನ ಎಂಜಿನಿಯರ್‌ಗಳಿಗೆ ಡೆಮಿಂಗ್ ಹೆಸರಾಂತ ಪಾಠಗಳನ್ನು ಹೇಳಿದ್ದು ಅದಾದ ಮೇಲೆ, 1950ರಲ್ಲಿ. ಮಹಲನೋಬಿಸ್ ಕಟ್ಟಿದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಕೇಂದ್ರ ನಮ್ಮ ಬೆಂಗಳೂರಿನಲ್ಲೂ ಇದೆ. ಕೋಲ್ಕತ್ತದಲ್ಲಿ ಕ್ವಾಲಿಟಿ ಮತ್ತು ರಿಲಯಬಿಲಿಟಿಯ ಎಂ.ಟೆಕ್ ಇದೆ. ನಮ್ಮ ಮನೆಗಳಲ್ಲಿ ಇದರ ಹೆಸರು ಕೇಳಿದವರೇ ಕಡಿಮೆ.

ನನ್ನ ಕೋರಿಕೆ ದೊಡ್ಡದಲ್ಲ. ಕ್ವಾಲಿಟಿ ಪೇಪರ್ ಓದುವ ಪ್ರತಿ ವಿದ್ಯಾರ್ಥಿ ಒಂದು ಸೆಮಿಸ್ಟರ್‌ನಲ್ಲಿ ಒಂದೇ ಒಂದು ನಿಜವಾದ ಕೆಲಸವನ್ನು ತಾನೇ ಅಳೆಯಲಿ. 90 ರೀಡಿಂಗ್ ತಾನೇ ಬರೆಯಲಿ. ಅದಕ್ಕೆ ಮಾರ್ಕ್ಸ್ ಇರಲಿ. ಪ್ರಾಜೆಕ್ಟ್ ರಿಪೋರ್ಟ್ ದುಡ್ಡು ಕೊಟ್ಟು ತರುವ ಮಕ್ಕಳೂ ಇದ್ದಾರೆ, ಇಂಥ ಹಾಳೆ ಕೊಂಡು ತಂದರೆ ಎರಡೇ ಪ್ರಶ್ನೆಯಲ್ಲಿ ಗೊತ್ತಾಗುತ್ತದೆ. ಕಾರ್ಖಾನೆಯೇ ಬೇಕೆಂದಿಲ್ಲ. ನಿಗಡಿಯಲ್ಲಿ ನಮ್ಮ ಪರಿಚಯದ ಉಡುಪಿ ಹೋಟೆಲಿನವರೊಬ್ಬರು ಇಡ್ಲಿ ಹಿಟ್ಟಿನ ಅಳತೆ ನೋಡಲು ಹುಡುಗರನ್ನು ಕಳಿಸಿ ಎಂದಿದ್ದಾರೆ. ಚಳಿಯಲ್ಲಿ ಹಿಟ್ಟು ಹುದುಗುವುದಿಲ್ಲ, ಅಡುಗೆಯವನ ಮೇಲೆ ರೇಗುವುದಾಗುತ್ತದೆ ಎಂದು ಅವರೇ ಹೇಳಿದರು. ಪಿಂಪ್ರಿ, ಭೋಸರಿ, ಚಾಕಣ ಕಡೆ ಶಾಪ್ ನಡೆಸುವ ಕನ್ನಡಿಗರು ಎಷ್ಟೋ ಜನ ಇದ್ದೀರಿ. ವಾರಕ್ಕೊಂದು ದಿನ ಇಬ್ಬರು ಮಕ್ಕಳನ್ನು ಒಳಗೆ ಬಿಟ್ಟರೆ ನಿಮ್ಮ ಕೆಲಸವೇನೂ ಕೆಡುವುದಿಲ್ಲ. ಗಿರಾಕಿಯ ಡ್ರಾಯಿಂಗ್ ತೋರಿಸುವುದೂ ಬೇಡ. ಹತ್ತು ಪೀಸ್, ಒಂದು ಮೈಕ್ರೋಮೀಟರ್, ಒಂದು ಟೇಬಲ್ ಸಾಕು.

ನಮ್ಮ ಮಾಲೀಕರು ಒಪ್ಪಿದ್ದಾರೆ. ಬರುವ ಡಿಸೆಂಬರ್‌ನಲ್ಲಿ ಚಳಿ ಶುರುವಾದ ಮೇಲೆ ರಾತ್ರಿ ಪಾಳಿಯಲ್ಲೇ ಇನ್ನೊಮ್ಮೆ 90 ರೀಡಿಂಗ್ ತೆಗೆಯುತ್ತೇವೆ. ತಂಗಿಯ ಮಗಳ ಜೊತೆ ಅವಳ ಕ್ಲಾಸಿನ ಇಬ್ಬರು ಬರುತ್ತಿದ್ದಾರೆ. ಇನ್ನೂ ಇಬ್ಬರಿಗೆ ಜಾಗ ಇದೆ. ಬರುವವರು ಸ್ವೆಟರ್ ತರಬೇಕು, ಸೇಫ್ಟಿ ಶೂಸ್ ನಾವು ಕೊಡುತ್ತೇವೆ.

ಆ ಹುಡುಗನ ಮನೆಯವರ ದೃಷ್ಟಿಯಿಂದ ನನ್ನ ಹೆಸರು, ಶಾಪ್‌ನ ಹೆಸರು ಹಾಕಬೇಡಿ ಎಂದು ಕೋರುತ್ತೇನೆ.

ಇಂತಿ ನಿಮ್ಮ ಓದುಗಳು,
ಭೋಸರಿ, ಪುಣೆ