ಚಾವಣಿಗೆ ಸೋಲಾರ್ ಹಾಕಿದರೆ ಕ್ಯಾರವಾನ್ ಹಸಿರಾಗುವುದಿಲ್ಲ

ಮಾನ್ಯ ಸಂಪಾದಕರೇ,

ಪ್ರವಾಸ ಪುರವಣಿಗಳಲ್ಲಿ ಕ್ಯಾರವಾನ್, ಮೋಟರ್‌ಹೋಮ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಮನೆಯಂಥ ಗಾಡಿಗಳ ಬಗ್ಗೆ ಬರುವ ಬರಹಗಳನ್ನು ನಾನು ತಪ್ಪದೆ ಓದುತ್ತೇನೆ. ಹೆಚ್ಚುಕಮ್ಮಿ ಎಲ್ಲದರಲ್ಲೂ ಒಂದು ಸಾಲು ಇದ್ದೇ ಇರುತ್ತದೆ: ಚಾವಣಿ ಮೇಲೆ ಸೋಲಾರ್ ಇದೆ, ಹಾಗಾಗಿ ಇದು ಪರಿಸರಸ್ನೇಹಿ. ಸೋಲಾರ್ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಲೆಕ್ಕವನ್ನೇ ಹಾಕದೆ ಸುಮ್ನೆ ಸರ್ಟಿಫಿಕೇಟ್ ಕೊಟ್ಟುಬಿಡುವುದು ಸರಿಯಲ್ಲ, ಅಲ್ವಾ?

ಲೆಕ್ಕ ದೊಡ್ಡದೇನಲ್ಲ. 200 ವಾಟ್‌ನ ಪ್ಯಾನೆಲ್ ಒಳ್ಳೆಯ ಬಿಸಿಲಿದ್ದ ದಿನ ಸುಮಾರು 0.8 ಯೂನಿಟ್ ಕರೆಂಟ್ ಕೊಡುತ್ತದೆ. ಒಂದು ಲೀಟರ್ ಡೀಸೆಲ್‌ನಲ್ಲಿ ಇರುವುದು ಹತ್ತಿರ ಹತ್ತಿರ 10 ಯೂನಿಟ್‌ನಷ್ಟು ಶಕ್ತಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಎಂಜಿನ್‌ನ ಬಿಸಿಯಾಗಿಯೇ ಹೋಗುತ್ತದೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿದು ಪ್ಯಾನೆಲ್‌ಗೆ ರಿಯಾಯಿತಿ ಕೊಟ್ಟರೂ, ಲೀಟರ್‌ಗೆ 8 ಕಿಲೋಮೀಟರ್ ಕೊಡುವ ಗಾಡಿಗೆ ಆ ಪ್ಯಾನೆಲ್ ದಿನವಿಡೀ ಕೂಡಿಟ್ಟಿದ್ದು ಎರಡು ಕಿಲೋಮೀಟರ್ ಓಡುವುದಕ್ಕೂ ಸರಿಯಾಗಿ ಸಾಲುವುದಿಲ್ಲ. ಅದೇ ಗಾಡಿ ಒಂದು ದಿನ 400 ಕಿಲೋಮೀಟರ್ ಓಡಿದರೆ 50 ಲೀಟರ್ ಡೀಸೆಲ್ ಸುಡುತ್ತದೆ. ಒಂದು ಲೀಟರ್ ಡೀಸೆಲ್ ಸುಟ್ಟರೆ 2.6 ಕೆಜಿಗಿಂತ ಸ್ವಲ್ಪ ಜಾಸ್ತಿಯೇ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಂದರೆ ಆ ಒಂದು ದಿನಕ್ಕೆ 130 ಕೆಜಿ ದಾಟಿತು. ಇಷ್ಟಾದ ಮೇಲೆ ರಾತ್ರಿ ಬಲ್ಬ್ ಸೋಲಾರ್‌ನಲ್ಲಿ ಉರಿಯಿತು ಅಂತ ಸಮಾಧಾನ ಪಡುವುದರಲ್ಲಿ ಏನರ್ಥ?

ಹಾಗಾಗಿ ಮೊದಲು ಕೇಳಬೇಕಾದ್ದು ಎಷ್ಟು ಓಡಿಸುತ್ತೀರಿ ಅಂತ. ವಾರದಲ್ಲಿ ಏಳು ಊರು ಮುಟ್ಟಿ ಬರುವ ಪ್ಲಾನ್ ಬಿಟ್ಟು, ಎರಡೇ ಜಾಗದಲ್ಲಿ ಗಾಡಿ ನಿಲ್ಲಿಸಿ, ಅಲ್ಲಿಂದ ಸೈಕಲ್‌ನಲ್ಲೋ ಬಸ್ಸಿನಲ್ಲೋ ನಡೆದೋ ಸುತ್ತಿದರೆ ಉಳಿಯುವ ಡೀಸೆಲ್ ಮುಂದೆ ಬೇರೆ ಯಾವ ಉಪಾಯವೂ ನಿಲ್ಲುವುದಿಲ್ಲ. ಗಾಡಿಯಲ್ಲೇ ವಾಸ ಮಾಡುವವರು ಈ ವಿಷಯದಲ್ಲಿ ಪ್ರವಾಸಿಗರಿಗಿಂತ ಎಷ್ಟೋ ವಾಸಿ. ತಿಂಗಳುಗಟ್ಟಲೆ ಒಂದೇ ಕಡೆ ಇರುತ್ತಾರೆ. ಪುಟ್ಟ ಜಾಗ, ಕಡಿಮೆ ಸಾಮಾನು. ಟ್ಯಾಂಕಿನಲ್ಲಿ ಎಷ್ಟು ನೀರಿದೆ, ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಅಂತ ದಿನಾ ನೋಡುವ ಅಭ್ಯಾಸ ಬೇರೆ.

ಓಡಿಸುವಾಗಲೂ ಉಳಿಸುವುದಕ್ಕೆ ಬೇಕಾದಷ್ಟು ದಾರಿ ಇದೆ. ಮೋಟರ್‌ಹೋಮ್ ಅಂದರೆ ಗಾಳಿಗೆ ಎದುರಾಗಿ ಗೋಡೆ ತಳ್ಳಿಕೊಂಡು ಹೋದ ಹಾಗೆ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ, ಅಂದರೆ ವೇಗವನ್ನು ವೇಗದಿಂದಲೇ ಗುಣಿಸಿದಷ್ಟಕ್ಕೆ, ತಕ್ಕಂತೆ ಏರುತ್ತದೆ. 80ರಲ್ಲಿ ಹೋಗುವುದಕ್ಕೂ 100ರಲ್ಲಿ ಹೋಗುವುದಕ್ಕೂ ವ್ಯತ್ಯಾಸ ಬರೀ ಕಾಲು ಭಾಗ ಅಂದುಕೊಳ್ಳುತ್ತೇವೆ, ಆದರೆ ಗಾಳಿ ಒಡ್ಡುವ ತಡೆ ಒಂದೂವರೆ ಪಟ್ಟು ದಾಟಿರುತ್ತದೆ. ಚಾವಣಿ ಮೇಲೆ ಡಬ್ಬ, ಕುರ್ಚಿ ಕಟ್ಟಿಕೊಂಡರೆ ಇನ್ನೂ ಜಾಸ್ತಿ. ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ಅದೂ ಡೀಸೆಲ್ ತಿನ್ನುತ್ತದೆ, ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಇದನ್ನು ನೋಡುವವರೇ ಕಡಿಮೆ. ಇನ್ನು ನೀರು. 100 ಲೀಟರ್ ಅಂದರೆ 100 ಕೆಜಿ. ಹೊರಡುವ ಕಡೆಯೇ ಟ್ಯಾಂಕ್ ತುಂಬಿಸಿಕೊಂಡು ಅಷ್ಟು ದೂರ ಹೊತ್ತುಕೊಂಡು ಹೋಗುವ ಬದಲು ದಾರಿಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನು ಹೋಗಿ ಸೇರುವ ಜಾಗದ ಹತ್ತಿರ ತುಂಬಿಸಬಹುದು.

ಸೋಲಾರ್‌ಗೆ ಮತ್ತೆ ಬರುತ್ತೇನೆ, ಯಾಕೆಂದರೆ ಅದರ ನಿಜವಾದ ಉಪಯೋಗ ಜನರೇಟರ್ ಬಾಯಿ ಮುಚ್ಚಿಸುವುದು. ನಾಲ್ಕು ಎಲ್‌ಇಡಿ ದೀಪ, ಒಂದು ಫ್ಯಾನ್, ಫೋನ್ ಚಾರ್ಜಿಂಗ್‌ಗೋಸ್ಕರ ಪೆಟ್ರೋಲ್ ಜನರೇಟರ್ ಗಂಟೆಗಟ್ಟಲೆ ಗುರ್ ಅನ್ನುವುದು, ಅದರ ಹೊಗೆ ಪಕ್ಕದವರ ಟೆಂಟಿಗೆ ನುಗ್ಗುವುದು, ಇದೆಲ್ಲ ಬೇಕಾ? ಒಂದು ಪ್ಯಾನೆಲ್ ಮತ್ತು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದ್ದರೆ ಇಷ್ಟೂ ನಡೆಯುತ್ತದೆ. ಹಳೆಯ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸೇ ಹೋಗುತ್ತದೆ, ಲಿಥಿಯಂ ಆದರೆ ಮುಕ್ಕಾಲಿಗಿಂತ ಜಾಸ್ತಿ ಬಳಸಬಹುದು, ತೂಕವೂ ಕಡಿಮೆ. ಫ್ರಿಜ್ ಆರಿಸುವಾಗ ಮಾತ್ರ ಹುಷಾರು. ಗ್ಯಾಸ್‌ನಲ್ಲೂ ಕರೆಂಟ್‌ನಲ್ಲೂ ನಡೆಯುವ ಬಗೆಯದನ್ನು ಬ್ಯಾಟರಿಗೆ ಹಾಕಿದರೆ ಅದು ಬ್ಯಾಟರಿಯನ್ನು ಹೀರಿ ಹಾಕುತ್ತದೆ. 12 ವೋಲ್ಟ್‌ನ ಕಂಪ್ರೆಸರ್ ಫ್ರಿಜ್ ಅದರ ಎಷ್ಟೋ ಪಾಲು ಕಡಿಮೆ ಕರೆಂಟ್‌ನಲ್ಲಿ ಕೆಲಸ ಮುಗಿಸುತ್ತದೆ.

ಎಡವಟ್ಟು ಶುರುವಾಗುವುದು ಏಸಿಯಿಂದ. ಚಾವಣಿ ಏಸಿ 1000ದಿಂದ 1500 ವಾಟ್ ಎಳೆಯುತ್ತದೆ. 100 ಆಂಪಿಯರ್ ಅವರ್‌ನ 12 ವೋಲ್ಟ್ ಬ್ಯಾಟರಿಯಲ್ಲಿ ಇರುವುದೇ ಸುಮಾರು 1.2 ಯೂನಿಟ್. ಒಂದು ಗಂಟೆಗೆ ಖಾಲಿ, ಆಮೇಲೆ ಮತ್ತೆ ಜನರೇಟರ್! ಇಲ್ಲಿ ಒಂದು ತಮಾಷೆಯ ಜಗಳವಿದೆ. ಪ್ಯಾನೆಲ್‌ಗೆ ಬಿಸಿಲು ಬೇಕು, ಒಳಗಿರುವವರಿಗೆ ನೆರಳು ಬೇಕು. ಬಿಸಿಲಲ್ಲಿ ನಿಲ್ಲಿಸಿ, ಕರೆಂಟ್ ಮಾಡಿ, ಆ ಕರೆಂಟನ್ನು ಬಿಸಿಲಿನ ಸೆಕೆ ಓಡಿಸುವುದಕ್ಕೇ ಖರ್ಚು ಮಾಡುವವರನ್ನು ನೋಡಿದ್ದೇನೆ. ಗಾಡಿಯನ್ನು ಮರದ ನೆರಳಿಗೆ ಹಾಕಿ, ಮಡಚುವ ಪ್ಯಾನೆಲ್ ಒಂದನ್ನು ಉದ್ದ ವೈರ್ ಎಳೆದು ಬಿಸಿಲಲ್ಲಿ ಇಟ್ಟರೆ ಜಗಳ ಮುಗಿಯಿತು. ಕಿಟಕಿಗೆ ಬೆಳ್ಳಿ ಬಣ್ಣದ ಶೀಟನ್ನು ಎಲ್ಲರೂ ಒಳಗಿನಿಂದ ಅಂಟಿಸುತ್ತಾರೆ. ಹೊರಗಿನಿಂದ ಹಾಕಿದರೆ ಬಿಸಿಲು ಗಾಜು ದಾಟುವ ಮೊದಲೇ ತಡೆದ ಹಾಗಾಗುತ್ತದೆ, ಸೆಕೆ ಎಷ್ಟೋ ಕಡಿಮೆ. ಚಾವಣಿಯಲ್ಲಿ ಗಾಳಿ ಹೊರಗೆಳೆಯುವ ಸಣ್ಣ ಫ್ಯಾನ್ ಇಟ್ಟು, ನೆರಳಿನ ಕಡೆಯ ಕಿಟಕಿ ಒಂದನ್ನು ತೆಗೆದಿಟ್ಟರೆ ಬಹಳಷ್ಟು ರಾತ್ರಿಗಳಿಗೆ ಅಷ್ಟೇ ಸಾಕು.

ಈಗ ಯಾರೂ ಬರೆಯದ ವಿಷಯಕ್ಕೆ ಬರೋಣ, ಕೊಳಕು ನೀರು. ಫೋಟೊ ತೆಗೆಯುವಾಗ ಯಾರೂ ಇದನ್ನು ತೆಗೆಯುವುದಿಲ್ಲ. ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು ಒಂದು ಟ್ಯಾಂಕಿಗೆ, ಟಾಯ್ಲೆಟ್ಟಿನದು ಇನ್ನೊಂದಕ್ಕೆ. ಎರಡನ್ನೂ ಅದಕ್ಕೆಂದೇ ಇರುವ ಜಾಗದಲ್ಲಿ ಖಾಲಿ ಮಾಡಬೇಕು. ಸ್ನಾನದ ನೀರು ತಾನೇ, ಏನಾಗುತ್ತೆ ಅಂತ ಹೊಳೆ ಪಕ್ಕದಲ್ಲೇ ನಲ್ಲಿ ತಿರುಗಿಸಿಬಿಡುವವರಿದ್ದಾರೆ. ಬಾಟಲಿ ಮೇಲೆ ‘ಬಯೋಡಿಗ್ರೇಡಬಲ್’ ಅಂತ ಬರೆದಿದ್ದ ಮಾತ್ರಕ್ಕೆ ಆ ಸೋಪು ನೀರಿಗೆ ಬಿದ್ದರೂ ಪರವಾಗಿಲ್ಲ ಅಂತ ಅಲ್ಲ. ಅದು ಸರಿಯಾಗಿ ಕೊಳೆಯಬೇಕಾದರೆ ಮಣ್ಣು ಬೇಕು, ಮಣ್ಣಿನ ಸೂಕ್ಷ್ಮಜೀವಿಗಳು ಬೇಕು. ಕಾಡಿನಲ್ಲಿ ಬಿಡಾರ ಹೂಡುವವರು ತೊಳೆಯುವ ಕೆಲಸವನ್ನೆಲ್ಲ ಹೊಳೆ, ಕೆರೆಯಿಂದ ಸುಮಾರು 60 ಮೀಟರ್ ಆಚೆ ಇಟ್ಟುಕೊಳ್ಳಬೇಕು ಎನ್ನುವುದು ಇದೇ ಕಾರಣಕ್ಕೆ. ನಾಲ್ಕು ಲೋಟ ತೊಳೆದ ನೀರಿಗೇ ಈ ನಿಯಮ, ಇಡೀ ಟ್ಯಾಂಕ್ ಸುರಿಯುವುದಕ್ಕೆ ಏನನ್ನಬೇಕೋ.

ಟಾಯ್ಲೆಟ್ ಟ್ಯಾಂಕಿನ ಕಥೆ ಇನ್ನೂ ಸೂಕ್ಷ್ಮ. ವಾಸನೆ ಬಾರದಿರಲಿ ಅಂತ ಅದಕ್ಕೆ ಹಾಕುವ ನೀಲಿ ದ್ರವಗಳಲ್ಲಿ ಕೆಲವಕ್ಕೆ ಫಾರ್ಮಾಲ್ಡಿಹೈಡ್ ಸೇರಿಸಿರುತ್ತಾರೆ. ಅದು ಬ್ಯಾಕ್ಟೀರಿಯಾ ಕೊಲ್ಲುತ್ತದೆ, ವಾಸನೆ ನಿಲ್ಲುತ್ತದೆ, ನಮಗೆ ಖುಷಿ. ಆದರೆ ಆ ಟ್ಯಾಂಕನ್ನು ಕ್ಯಾಂಪಿನ ಸಣ್ಣ ಸೆಪ್ಟಿಕ್ ಗುಂಡಿಗೆ ಸುರಿದಾಗ ಅಲ್ಲಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಗುಂಡಿ ನಡೆಯುವುದೇ ಅವುಗಳಿಂದ. ಒಂದರ ಹಿಂದೆ ಒಂದು ಇಂಥ ಗಾಡಿಗಳು ಬಂದು ಸುರಿದರೆ ಆ ಗುಂಡಿ ಸರಿಯಾಗಿ ಕೆಲಸ ಮಾಡದೆ ಕೊಳಕು ಹಾಗೇ ನೆಲಕ್ಕೆ ಇಳಿಯುತ್ತದೆ. ಅದರ ಬದಲು ಎಂಜೈಮ್ ಇರುವ ದ್ರವಗಳು ಸಿಗುತ್ತವೆ, ಡಬ್ಬ ತಿರುಗಿಸಿ ಓದಿ ಕೊಂಡರೆ ಸಾಕು. ಇನ್ನೊಂದು ದಾರಿ ಮೂತ್ರವನ್ನು ಬೇರೆ ಮಾಡುವ ಒಣ ಟಾಯ್ಲೆಟ್. ಮೂತ್ರ ಒಂದು ಕ್ಯಾನಿಗೆ ಹೋಗುತ್ತದೆ, ಉಳಿದದ್ದು ತೆಂಗಿನ ನಾರಿನ ಪುಡಿಯೋ ಮರದ ಹೊಟ್ಟೋ ಇರುವ ಡಬ್ಬಕ್ಕೆ. ಕೆಟ್ಟ ವಾಸನೆ ಬರುವುದು ಎರಡೂ ಕಲೆತಾಗ, ಹಾಗಾಗಿ ಬೇರೆ ಮಾಡಿದರೆ ರಾಸಾಯನಿಕವೂ ಬೇಡ, ಫ್ಲಶ್ ಮಾಡುವ ನೀರೂ ಬೇಡ. ಅದನ್ನು ಖಾಲಿ ಮಾಡುವ ಕೆಲಸ ಎಲ್ಲರಿಗೂ ಹಿಡಿಸಲಿಕ್ಕಿಲ್ಲ. ಡಬ್ಬದಲ್ಲಿ ನಾಲ್ಕು ದಿನದಲ್ಲಿ ಗೊಬ್ಬರವೂ ಆಗುವುದಿಲ್ಲ, ಪೂರ್ತಿ ಕೊಳೆಯುವುದಕ್ಕೆ ತಿಂಗಳುಗಳೇ ಬೇಕು, ಹಾಗಾಗಿ ಕಾಡಿನಲ್ಲಿ ಚೆಲ್ಲಿ ಬರುವ ಹಾಗಿಲ್ಲ.

ನೀರು ಉಳಿಸಿದಷ್ಟೂ ಕೊಳಕು ನೀರೂ ಕಡಿಮೆ. ತಟ್ಟೆಯನ್ನು ಮೊದಲು ಒರೆಸಿ ಆಮೇಲೆ ತೊಳೆಯಿರಿ. ಶವರ್‌ನ ಹಿಡಿಯಲ್ಲೇ ನಿಲ್ಲಿಸುವ ಬಟನ್ ಇರುವಂಥದ್ದು ಹಾಕಿಸಿ, ಸೋಪು ಹಚ್ಚುವಾಗ ನಿಲ್ಲಿಸಿ. ಬಿಸಿನೀರು ಬರುವ ತನಕ ಹರಿದುಹೋಗುವ ತಣ್ಣೀರನ್ನು ಕೆಟಲ್‌ಗೆ ಹಿಡಿದುಕೊಳ್ಳಿ, ಅಷ್ಟೇ.

ಗಾಡಿಯ ಬಗ್ಗೆಯೂ ಒಂದು ಮಾತು. ವರ್ಷದಲ್ಲಿ ಕೆಲವೇ ವಾರ ಓಡಿ ಉಳಿದ ದಿನ ಧೂಳು ಹಿಡಿಯುವುದಾದರೆ ಕೊಳ್ಳುವುದೇಕೆ, ಬಾಡಿಗೆಗೆ ತೆಗೆದುಕೊಳ್ಳಿ. ಕೊಂಡಿದ್ದರೆ ಹತ್ತಿಪ್ಪತ್ತು ವರ್ಷ ಬಾಳುವ ಹಾಗೆ ನೋಡಿಕೊಳ್ಳಿ. ಇಂಥ ಎಷ್ಟೋ ಗಾಡಿಗಳ ಗೋಡೆ ಎಂದರೆ ಫೈಬರ್, ಫೋಮ್, ಪ್ಲೈವುಡ್ ಅಂಟಿಸಿ ಮಾಡಿದ ಹಲಗೆ. ಅದನ್ನು ಬಿಡಿಸಿ ಮರುಬಳಕೆ ಮಾಡುವುದು ಬಹಳ ಕಷ್ಟ. ಅದಕ್ಕೆ ಯಮ ಎಂದರೆ ನೀರಿನ ಸೋರಿಕೆ. ಚಾವಣಿಯ ಕಿಂಡಿ ಸುತ್ತ ನೀರು ಇಳಿಯದಂತೆ ಹಚ್ಚಿದ ಅಂಟು (ಸೀಲೆಂಟ್) ಬಿರುಕು ಬಿಟ್ಟಿದ್ದನ್ನು ಮಳೆಗಾಲಕ್ಕೆ ಮೊದಲು ಏಣಿ ಹತ್ತಿ ನೋಡದಿದ್ದರೆ, ಒಳಗಿನ ಪ್ಲೈವುಡ್ ಮೆತ್ತಗಾದ ಮೇಲೆಯೇ ಗೊತ್ತಾಗುವುದು. ಆಮೇಲೆ ಎಂಜಿನ್ ಚೆನ್ನಾಗಿದ್ದರೂ ಇಡೀ ಮನೆ ಗುಜರಿಗೆ.

ಪತ್ರಿಕೆಗೆ ನನ್ನ ಕೋರಿಕೆ ಒಂದೇ. ಮುಂದೆ ಕ್ಯಾರವಾನ್ ಬಗ್ಗೆ ಬರೆಸುವಾಗ ಹಾಸಿಗೆ, ಟಿವಿ, ಸೋಲಾರ್ ಜೊತೆ ಲೀಟರ್‌ಗೆ ಎಷ್ಟು ಕಿಲೋಮೀಟರ್ ಕೊಡುತ್ತದೆ, ಟ್ಯಾಂಕ್ ಎಲ್ಲಿ ಖಾಲಿ ಮಾಡುತ್ತಾರೆ ಅನ್ನುವುದನ್ನೂ ಕೇಳಿ ಬರೆಸಿ. ಬಾಡಿಗೆಗೆ ಕೊಡುವವರು ಎರಡನೇ ಪ್ರಶ್ನೆಗೆ ತಡವರಿಸಿದರೆ ಅದನ್ನೂ ಅಚ್ಚು ಹಾಕಿ.

ಇತಿ,
ನಿಮ್ಮ ಓದುಗ